ಟಿಕೆಟ್ ಕೊಟ್ಟರೆ ಲೆಕ್ಕ ಮುಗಿಯಿತೇ?

ಕೆಲವು ಸುದ್ದಿಗಳಿಗೆ ಸಿದ್ಧ ಅಚ್ಚು ಇರುತ್ತದೆ. ಕಷ್ಟಕ್ಕೆ ಸಿಕ್ಕಿಬಿದ್ದ ವಲಸೆ ಕಾರ್ಮಿಕನನ್ನು ಯಾರೋ ಪುಣ್ಯಾತ್ಮರು ಊರು ಮುಟ್ಟಿಸಿದ ಸುದ್ದಿ ಅಂಥದ್ದು. ಬಸ್ ನಿಲ್ದಾಣದಲ್ಲೋ ರೈಲು ನಿಲ್ದಾಣದಲ್ಲೋ ತಲೆಯ ಮೇಲೆ ಕೈಹೊತ್ತು ಕೂತ ಒಬ್ಬ ಮನುಷ್ಯ. ಅವನ ಮಾತು ಊರಿನವರಿಗೆ ತಿಳಿಯದು, ಊರಿನ ಮಾತು ಅವನಿಗೆ ತಿಳಿಯದು. ಅವನನ್ನು ಗಮನಿಸಿದ ಒಬ್ಬ ಆಟೊ ಚಾಲಕ, ಇಲ್ಲವೇ ನಾಲ್ಕು ಜನ ಕಾಲೇಜು ಹುಡುಗರು, ಇಲ್ಲವೇ ಒಬ್ಬ ಪೊಲೀಸ್ ಪೇದೆ. ಊಟ, ಬಟ್ಟೆ, ಟಿಕೆಟ್. ಕೊನೆಗೆ ಊರಿನಲ್ಲಿ ತಾಯಿಯ ಪಕ್ಕ ನಿಂತು ತೆಗೆಸಿದ ಫೋಟೊ. ಶೀರ್ಷಿಕೆಯಲ್ಲಿ ‘ಮಾನವೀಯತೆ’ ಎಂಬ ಪದ ತಪ್ಪುವುದಿಲ್ಲ. ನಾವು ಓದುತ್ತೇವೆ, ಕಣ್ಣು ತೇವವಾಗುತ್ತದೆ, ನಾಲ್ಕು ಜನಕ್ಕೆ ಕಳಿಸುತ್ತೇವೆ.

ಈ ಸುದ್ದಿಯಲ್ಲಿ ಸಾಮಾನ್ಯವಾಗಿ ಇರದ ಒಂದು ಹೆಸರಿದೆ. ಅದು ಅವನನ್ನು ದುಡಿಸಿಕೊಂಡವನ ಹೆಸರು. ಇರದ ಒಂದು ಅಂಕಿಯೂ ಇದೆ. ಅದು ಅವನಿಗೆ ಬರಬೇಕಾದ ಕೂಲಿಯ ಬಾಕಿ. ಆರು ತಿಂಗಳು ಇಟ್ಟಿಗೆ ಹೊತ್ತವನ ಹತ್ತಿರ ಊರಿಗೆ ಹೋಗುವಷ್ಟು ದುಡ್ಡು ಯಾಕಿರಲಿಲ್ಲ ಎಂದು ಸುದ್ದಿ ಬರೆದವರೂ ಕೇಳುವುದಿಲ್ಲ, ಓದಿದವರೂ ಕೇಳುವುದಿಲ್ಲ. ಸಹಾಯ ಮಾಡಿದವರ ದೊಡ್ಡತನದಲ್ಲಿ ಆ ಪ್ರಶ್ನೆ ಮುಚ್ಚಿಹೋಗುತ್ತದೆ.

ಸಹಾಯ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ. ಹಸಿದವನಿಗೆ ಅನ್ನ ಹಾಕಿದವರನ್ನು ಬೈಯುವಷ್ಟು ಓದು ನನ್ನನ್ನು ಕೆಡಿಸಿಲ್ಲ. ನನ್ನ ತಕರಾರು ಆ ಅಚ್ಚಿನ ಬಗ್ಗೆ. ಕೂಲಿ ಕೊಡದೆ ಹೊರಗೆ ಹಾಕಿದವನೊಬ್ಬ, ಟಿಕೆಟ್ ಕೊಟ್ಟು ಊರಿಗೆ ಹತ್ತಿಸಿದವನೊಬ್ಬ. ಇಬ್ಬರಿಗೂ ಪರಿಚಯವಿಲ್ಲ, ಆದರೆ ಎರಡೂ ಸೇರಿ ಒಂದೇ ಕೆಲಸ ಆಗುತ್ತದೆ: ಬಾಕಿ ಕೇಳಬೇಕಾದ ಮನುಷ್ಯ ಕೇಳಬೇಕಾದ ಜಾಗದಿಂದ ಸಾವಿರ ಕಿಲೋಮೀಟರ್ ದೂರ ಹೋಗುತ್ತಾನೆ. ಗುತ್ತಿಗೆದಾರನಿಗೆ ಇದಕ್ಕಿಂತ ಅನುಕೂಲವಾದದ್ದು ಬೇರೇನಿದೆ? ಅವನು ಉಂಡೂ ಹೋದ, ಕೊಂಡೂ ಹೋದ. ಪ್ರಯಾಣದ ಖರ್ಚು ಮಾತ್ರ ನಮ್ಮದು.

ಆದ್ದರಿಂದ ನನ್ನ ವಾದ ಇಷ್ಟೇ. ಊರಿಗೆ ಮರಳುವುದು ಕೆಲಸದ ಒಪ್ಪಂದದ ಕೊನೆಯ ಭಾಗ. ಅದರ ಖರ್ಚು ದುಡಿಸಿಕೊಂಡವರದು. ಲೆಕ್ಕ ಚುಕ್ತಾ ಮಾಡಿಸದೆ, ಕೈಗೆ ಒಂದು ಕಾಗದವನ್ನೂ ಕೊಡದೆ ಊರಿಗೆ ಹತ್ತಿಸುವುದನ್ನು ‘ಸುರಕ್ಷಿತವಾಗಿ ಕಳಿಸಿದೆವು’ ಎಂದು ಕರೆಯಬಾರದು.

ಇದು ನನ್ನ ತಲೆಯಲ್ಲಿ ಹುಟ್ಟಿದ ಕ್ರಾಂತಿಕಾರಿ ಕಲ್ಪನೆಯೇನಲ್ಲ. 1979ರಲ್ಲೇ ನಮ್ಮ ಸಂಸತ್ತು ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯನ್ನು ಮಾಡಿತು. ಒಡಿಶಾದ ಬಡ ಜಿಲ್ಲೆಗಳಿಂದ ಮುಂಗಡ ಕೊಟ್ಟು ಜನರನ್ನು ಸಾಗಿಸುತ್ತಿದ್ದ ‘ದಾದನ್’ ಪದ್ಧತಿಯ ಕ್ರೌರ್ಯ ಆ ಕಾಯ್ದೆಯ ಹಿನ್ನೆಲೆಯಲ್ಲಿತ್ತು. ಕಾರ್ಮಿಕನನ್ನು ಕರೆತರುವ ಗುತ್ತಿಗೆದಾರ ಅವನ ಊರಿನಿಂದ ಕೆಲಸದ ಜಾಗಕ್ಕೆ ಬರುವ ಮತ್ತು ವಾಪಸು ಹೋಗುವ ಎರಡೂ ಪ್ರಯಾಣದ ಖರ್ಚು ಕೊಡಬೇಕು ಎಂದು ಅದರಲ್ಲಿ ಬರೆದಿತ್ತು. ಪ್ರಯಾಣದ ದಿನಗಳನ್ನೂ ಕೆಲಸದ ದಿನಗಳೆಂದೇ ಎಣಿಸಿ ಕೂಲಿ ಕೊಡಬೇಕಿತ್ತು. ಊರು ಬಿಟ್ಟು ಬಂದದ್ದಕ್ಕೆ ತಿಂಗಳ ಕೂಲಿಯ ಅರ್ಧದಷ್ಟು ಭತ್ಯೆ, ಫೋಟೊ ಅಂಟಿಸಿದ ಪಾಸ್‌ಬುಕ್, ಅದರಲ್ಲಿ ಕೂಲಿಯ ದರ ಮತ್ತು ಕೊಟ್ಟ ಮುಂಗಡದ ವಿವರ ಇರಬೇಕಿತ್ತು. ಗುತ್ತಿಗೆದಾರ ಕೈಕೊಟ್ಟರೆ ಮೂಲ ಮಾಲೀಕ ಕೊಡಬೇಕಿತ್ತು.

ನಲವತ್ತಕ್ಕೂ ಹೆಚ್ಚು ವರ್ಷ ಈ ಕಾಯ್ದೆ ಪುಸ್ತಕದಲ್ಲಿತ್ತು. ನಾನು ಮಾತಾಡಿಸಿದ ಕಟ್ಟಡ ಕಾರ್ಮಿಕರಲ್ಲಿ ಆ ಪಾಸ್‌ಬುಕ್ಕನ್ನು ಕಣ್ಣಲ್ಲಿ ಕಂಡವರು ಒಬ್ಬರೂ ಇಲ್ಲ. 2020ರಲ್ಲಿ ಅದನ್ನು ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆಯೊಳಗೆ ಸೇರಿಸಲಾಯಿತು. 2025ರ ನವೆಂಬರ್ 21ರಂದು ಆ ಸಂಹಿತೆ ಜಾರಿಗೆ ಬಂತು. ಹೋಗಿಬರುವ ಪ್ರಯಾಣ ಭತ್ಯೆ ಅದರಲ್ಲೂ ಉಳಿದಿದೆ. ಊರು ಬಿಟ್ಟದ್ದಕ್ಕೆ ಕೊಡಬೇಕಿದ್ದ ಭತ್ಯೆ ಸದ್ದಿಲ್ಲದೆ ಬಿದ್ದುಹೋಗಿದೆ. ಮೊದಲು ಐದು ಜನ ವಲಸೆ ಕಾರ್ಮಿಕರಿದ್ದರೆ ಅನ್ವಯವಾಗುತ್ತಿದ್ದ ಕಾನೂನು ಈಗ ಹತ್ತು ಜನರಿದ್ದರೆ ಮಾತ್ರ ಅನ್ವಯವಾಗುತ್ತದೆ. ಎಂಟೆಂಟು ಜನರ ಗುಂಪು ಮಾಡಿ ಎಂಟೆಂಟು ಮೇಸ್ತ್ರಿಗಳ ಹೆಸರಿನಲ್ಲಿ ದುಡಿಸುವುದು ಗೊತ್ತಿರುವ ನಗರದಲ್ಲಿ ಈ ಬದಲಾವಣೆಯ ಅರ್ಥ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕರ್ನಾಟಕದವರಾದ ನಮಗೆ ಇದರಲ್ಲಿ ಇನ್ನೂ ಒಂದು ವಿಚಿತ್ರವಿದೆ. ಹೊಸೂರಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಬಂದವನು ರಾಜ್ಯದ ಗಡಿ ದಾಟಿದ್ದಾನೆ, ಅವನು ಕಾನೂನಿನ ಕಣ್ಣಿಗೆ ವಲಸೆ ಕಾರ್ಮಿಕ. ಯಾದಗಿರಿ ಜಿಲ್ಲೆಯ ಸುರಪುರದಿಂದ ಸುಮಾರು 500 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೆಂಡತಿ, ಮಕ್ಕಳು, ಪಾತ್ರೆಪಗಡ ಕಟ್ಟಿಕೊಂಡು ಬಂದವನು ಗಡಿ ದಾಟಿಲ್ಲ, ಅವನಿಗೆ ಪ್ರಯಾಣ ಭತ್ಯೆಯ ಮಾತೇ ಇಲ್ಲ. ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳದ ಲಕ್ಷಾಂತರ ಜನರ ಬದುಕಿಗೆ ಕನ್ನಡದಲ್ಲಿ ‘ಗುಳೆ’ ಎಂಬ ಹಳೆಯ ಪದವಿದೆ. ಕಾನೂನಿನಲ್ಲಿ ಅವರಿಗೆ ಪದವೇ ಇಲ್ಲ.

2020ನ್ನು ಈಗ ನೆನಪಿಸಿಕೊಳ್ಳಬೇಕು. ಆ ವರ್ಷ ವಲಸೆ ಕಾರ್ಮಿಕರು ನಮ್ಮ ಸಾಹಿತ್ಯದೊಳಕ್ಕೂ ನಡೆದು ಬಂದರು. ಮಾರ್ಚ್ 24ರ ರಾತ್ರಿ ನಾಲ್ಕು ಗಂಟೆಗಳ ಮುನ್ಸೂಚನೆಯಲ್ಲಿ ದೇಶಕ್ಕೆ ಬೀಗ ಬಿತ್ತು. ಬೊಬ್ಬೆ ಎದ್ದ ಪಾದಗಳ ಮೇಲೆ, ಸೂಟ್‌ಕೇಸಿನ ಮೇಲೆ ಮಲಗಿದ ಮಗುವಿನ ಮೇಲೆ, ಹಳಿಯ ಮೇಲೆ ಚೆಲ್ಲಿದ ರೊಟ್ಟಿಗಳ ಮೇಲೆ ಎಷ್ಟು ಕವಿತೆಗಳು ಬಂದವು! ಮೇ 8ರಂದು ಔರಂಗಾಬಾದ್ ಬಳಿ ಹಳಿಯ ಮೇಲೆ ಮಲಗಿದ್ದ 16 ಜನರ ಮೇಲೆ ಗೂಡ್ಸ್ ರೈಲು ಹರಿಯಿತು. ತೆಲಂಗಾಣದ ಮೆಣಸಿನಕಾಯಿ ಹೊಲಗಳಿಂದ ಛತ್ತೀಸ್‌ಗಢಕ್ಕೆ ನಡೆದು ಹೊರಟ 12 ವರ್ಷದ ಹುಡುಗಿ ಊರು ಹತ್ತಿರವಿರುವಾಗ ಸತ್ತಳು. ಬೆಂಗಳೂರಿನಿಂದ ರಾಯಚೂರು ಜಿಲ್ಲೆಯ ತನ್ನ ಹಳ್ಳಿಗೆ ನಡೆದು ಹೊರಟ ಕಟ್ಟಡ ಕೆಲಸದ ಹೆಣ್ಣುಮಗಳೊಬ್ಬಳು ಬಳ್ಳಾರಿಯ ಆಸ್ಪತ್ರೆಯಲ್ಲಿ ತೀರಿಕೊಂಡಳು. ಇವುಗಳ ಬಗ್ಗೆ ಬರೆದದ್ದು ಸರಿಯೇ. ಬರೆಯದೆ ಇರಲು ಆಗುತ್ತಿರಲಿಲ್ಲ.

ಆದರೆ ಅವರು ಯಾಕೆ ನಡೆದರು ಎಂಬ ಪ್ರಶ್ನೆಗೆ ನಮ್ಮ ಬರಹ ಕೊಟ್ಟ ಉತ್ತರ ‘ಊರಿನ ಸೆಳೆತ’, ‘ತಾಯ್ನೆಲದ ಕರೆ’. ಸಿಕ್ಕಿಹಾಕಿಕೊಂಡಿದ್ದ ಕಾರ್ಮಿಕರಿಗಾಗಿ ಹುಟ್ಟಿಕೊಂಡ ಸ್ವಾನ್ ಎಂಬ ಕಾರ್ಯಕರ್ತರ ಜಾಲ ಆ ಏಪ್ರಿಲ್‌ನಲ್ಲೇ 11,159 ಕಾರ್ಮಿಕರ ಜೊತೆ ಫೋನಿನಲ್ಲಿ ಮಾತಾಡಿ ವರದಿ ಮಾಡಿತ್ತು. ಲಾಕ್‌ಡೌನಿನ ದಿನಗಳಲ್ಲಿ ಮಾಲೀಕರಿಂದ ಏನೂ ಕೂಲಿ ಸಿಗದವರು ನೂರಕ್ಕೆ 89 ಜನ ಎಂದು ಅದರಲ್ಲಿತ್ತು. ಕೂಲಿ ಬಂದಿದ್ದರೆ ಎಷ್ಟು ಜನ ನಡೆಯುತ್ತಿದ್ದರು? ಪಾದದ ಬೊಬ್ಬೆ ಕವಿತೆಗೆ ಒಗ್ಗಿತು, ಹಾಜರಿ ಪುಸ್ತಕ ಒಗ್ಗಲಿಲ್ಲ.

ಆ ಎರಡು ತಿಂಗಳ ಸರ್ಕಾರಿ ಆದೇಶಗಳನ್ನು ಒಂದರ ಪಕ್ಕ ಒಂದಿಟ್ಟು ಓದಿ. ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ, ಮಾಲೀಕರು ಕಡಿತವಿಲ್ಲದೆ ಕೂಲಿ ಕೊಡಬೇಕು ಎಂದು ಆದೇಶ ಹೊರಡಿಸಿತು. ಏಪ್ರಿಲ್ 7ರಂದು ಸುಪ್ರೀಂ ಕೋರ್ಟಿನಲ್ಲಿ ಕೂಲಿಯ ಅರ್ಜಿ ವಿಚಾರಣೆಗೆ ಬಂದಾಗ, ಊಟ ಕೊಡುತ್ತಿರುವಾಗ ಊಟಕ್ಕೆ ದುಡ್ಡು ಯಾಕೆ ಎಂಬರ್ಥದ ಪ್ರಶ್ನೆ ಪೀಠದಿಂದಲೇ ಬಂತು. ಮೇ 1ರಿಂದ ಶ್ರಮಿಕ್ ರೈಲುಗಳು ಓಡತೊಡಗಿದವು. ಮೇ 18ರಿಂದ ಆ ಕೂಲಿಯ ಆದೇಶವೇ ರದ್ದಾಯಿತು. ಜೂನ್ 12ರಂದು ಸುಪ್ರೀಂ ಕೋರ್ಟು, ಆ ಅವಧಿಯ ಕೂಲಿಯ ಬಗ್ಗೆ ಮಾಲೀಕರೂ ಕಾರ್ಮಿಕರೂ ಕೂತು ಮಾತಾಡಿಕೊಳ್ಳಲಿ ಎಂದಿತು. ಯಾವ ಕಾರ್ಮಿಕ? ಅಷ್ಟು ಹೊತ್ತಿಗೆ ಅವನು ಬಿಹಾರದಲ್ಲಿದ್ದ, ಜಾರ್ಖಂಡಿನಲ್ಲಿದ್ದ, ದೇವದುರ್ಗದಲ್ಲಿದ್ದ. ಮಾಲೀಕ ಬೆಂಗಳೂರಿನಲ್ಲಿದ್ದ. ಶ್ರಮಿಕ್ ರೈಲುಗಳು ಒಟ್ಟು ಸುಮಾರು 63 ಲಕ್ಷ ಜನರನ್ನು ಊರಿಗೆ ಮುಟ್ಟಿಸಿದವು. ಆ ರೈಲುಗಳಲ್ಲೇ 97 ಜನ ಸತ್ತರೆಂದು ಆಮೇಲೆ ಸಂಸತ್ತಿನಲ್ಲಿ ಸರ್ಕಾರವೇ ಹೇಳಿತು. ಆ 63 ಲಕ್ಷ ಜನ ಬಿಟ್ಟುಬಂದ ಕೂಲಿಯ ಬಾಕಿ ಎಷ್ಟೆಂದು ಎಣಿಸುವ ಕೆಲಸವನ್ನು ಯಾವ ಸರ್ಕಾರವೂ ಕೈಗೆತ್ತಿಕೊಳ್ಳಲಿಲ್ಲ.

ನಮ್ಮ ರಾಜ್ಯದ ಕತೆ ಇದಕ್ಕೆ ಉಲ್ಟಾ ಕಾಣಿಸುತ್ತದೆ. 2020ರ ಮೇ 5ರಂದು ಮುಖ್ಯಮಂತ್ರಿಗಳು ಬಿಲ್ಡರ್‌ಗಳ ಜೊತೆ ಸಭೆ ನಡೆಸಿದರು. ಅದೇ ದಿನ, ಮರುದಿನದಿಂದ ರೈಲು ಬೇಡವೆಂದು ರಾಜ್ಯ ಸರ್ಕಾರ ರೈಲ್ವೆಗೆ ಪತ್ರ ಬರೆಯಿತು. ಕಟ್ಟಡ ಕೆಲಸ ಮತ್ತೆ ಶುರುವಾಗಬೇಕಿತ್ತು, ಆಳುಗಳು ಬೇಕಿತ್ತು. ದೇಶದ ತುಂಬ ಛೀಮಾರಿ ಬಿದ್ದ ಮೇಲೆ ಎರಡೇ ದಿನದಲ್ಲಿ ನಿರ್ಧಾರ ಬದಲಾಯಿತು. ಅಲ್ಲಿ ಕಳಿಸಿದರು, ಇಲ್ಲಿ ತಡೆದರು ಎಂದು ನಾವು ಎರಡನ್ನೂ ಬೇರೆಬೇರೆ ಇಟ್ಟು ನೋಡುತ್ತೇವೆ. ನನಗೆ ಅವು ಒಂದೇ ನಾಣ್ಯ. ಬೇಕಾದಾಗ ಬೀಗ, ಬೇಡವಾದಾಗ ಟಿಕೆಟ್. ಎರಡರಲ್ಲೂ ಕಾರ್ಮಿಕ ಯಾವಾಗ ಹೋಗಬೇಕು, ಯಾವಾಗ ಇರಬೇಕು ಎಂದು ತೀರ್ಮಾನಿಸಿದವರು ಬೇರೆಯವರು. ಎರಡರಲ್ಲೂ ಕೂಲಿಯ ಮಾತು ಬರಲಿಲ್ಲ.

ಅದು ಸಾಂಕ್ರಾಮಿಕದ ಕಾಲ, ಅಸಹಜ ಕಾಲ ಎನ್ನಬಹುದು. ಸಹಜ ಕಾಲದ ಒಂದು ಉದಾಹರಣೆ ಕೊಡುತ್ತೇನೆ. ನಾನು ಬಾಡಿಗೆಗಿದ್ದ ಬೀದಿಯ ತುದಿಯಲ್ಲಿ ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಅಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದ, ಸುರಪುರ ತಾಲ್ಲೂಕಿನ ಒಬ್ಬರ ಪರಿಚಯ ಚಹದ ಅಂಗಡಿಯಲ್ಲಿ ಆಗಿತ್ತು. ಮೂವತ್ತೈದರ ಆಸುಪಾಸಿನ ವಯಸ್ಸು. ಒಂದು ದಿನ ಮೇಲಿಂದ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಮೇಸ್ತ್ರಿ ಪಟ್ಟಿ ಹಾಕಿಸಿ, ಕೈ ಸರಿಯಾದ ಮೇಲೆ ಬಾ ಎಂದ. ಸುದ್ದಿ ನಮ್ಮ ಸಂಶೋಧನಾ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಿ ಒಂದೇ ಸಂಜೆ ಮೂರು ಸಾವಿರ ರೂಪಾಯಿ ಕೂಡಿತು. ಆ ರಾತ್ರಿಯೇ ಬಸ್ಸಿಗೆ ಹತ್ತಿಸುವುದೆಂದು ಮಾತಾಯಿತು. ಅವರು ದುಡ್ಡು ಮುಟ್ಟಲಿಲ್ಲ.

“ಊರಿಗಿ ಹೋಗ್ಲಾಕ ದಾರಿ ನನಗ ಗೊತ್ತದರಿ ಸರ. ನಂದು ಲೆಕ್ಕ ಮಾಡಿಸಿ ಕೊಡ್ರಿ, ಸಾಕು.”

ಲೆಕ್ಕ ಅವರ ಬಾಯಲ್ಲೇ ಇತ್ತು. 118 ಹಾಜರಿ, ದಿನಕ್ಕೆ 700 ರೂಪಾಯಿ. ಒಟ್ಟು 82,600. ಊರಲ್ಲಿ ಪಡೆದ ಮುಂಗಡ 20,000. ವಾರವಾರ ತೆಗೆದುಕೊಂಡ ಖರ್ಚಿ 31,000. ಉಳಿದದ್ದು 31,600. ನಾವು ಕೂಡಿಸಿದ ಮೂರು ಸಾವಿರ ಈ ಮೊತ್ತದ ಹತ್ತನೇ ಒಂದು ಪಾಲೂ ಆಗುತ್ತಿರಲಿಲ್ಲ. ಆ ಮೂರು ಸಾವಿರ ತೆಗೆದುಕೊಂಡು ಅವರು ಬಸ್ ಹತ್ತಿದ್ದರೆ ನಮಗೆಲ್ಲ ನೆಮ್ಮದಿಯ ನಿದ್ದೆ ಬರುತ್ತಿತ್ತು, ಮೇಸ್ತ್ರಿಗೂ ಬರುತ್ತಿತ್ತು.

ಮುಂದಿನದು ಕಾಗದದ ಕತೆ. ಬಿಲ್ ಪಾಸಾಗಿಲ್ಲ ಎಂದ ಮೇಸ್ತ್ರಿ. ನಮ್ಮ ರಿಜಿಸ್ಟರಿನಲ್ಲಿ ಈ ಹೆಸರೇ ಇಲ್ಲ ಎಂದಿತು ಸೈಟ್ ಆಫೀಸು. ಮಾಲೀಕರ ಪೂರ್ಣ ಹೆಸರು, ವಿಳಾಸ ತನ್ನಿ ಎಂದರು ಒಂದು ಸರ್ಕಾರಿ ಕಚೇರಿಯಲ್ಲಿ. ಸೈಟಿನ ಗೇಟಿಗೆ ತಗುಲಿಸಿದ್ದ ರೇರಾ ನೋಂದಣಿಯ ಫಲಕದಲ್ಲಿ ಆ ಹೆಸರು ಎಲ್ಲರಿಗೂ ಕಾಣುವಂತೆಯೇ ಇತ್ತು. ಹಾಜರಿ ಪುಸ್ತಕದ ಫೋಟೊಗಳು ಅವರ ಫೋನಿನಲ್ಲಿದ್ದವು. ಖರ್ಚಿಯನ್ನು ಮೇಸ್ತ್ರಿ ಫೋನ್‌ಪೇಯಲ್ಲಿ ಹಾಕಿದ್ದರಿಂದ ಅವನೇ ದುಡಿಸಿಕೊಂಡನೆಂಬುದಕ್ಕೆ ಸಾಕ್ಷಿಯೂ ಸಿಕ್ಕಿತು. ಕಾರ್ಮಿಕ ಸಂಘಟನೆಯೊಂದರ ವಕೀಲರು ಬಿಲ್ಡರಿಗೆ ನೇರವಾಗಿ ನೋಟಿಸ್ ಕಳಿಸಿದರು. ಏಳು ವಾರ ಹಿಡಿಯಿತು. 24,000 ಬಂತು, ಉಳಿದದ್ದು ಬರಲಿಲ್ಲ. ಅವರು ತಮ್ಮ ದುಡ್ಡಿನಲ್ಲೇ ಟಿಕೆಟ್ ತೆಗೆಸಿ ಊರಿಗೆ ಹೋದರು. ಇದರಲ್ಲಿ ಯಾರ ಔದಾರ್ಯವೂ ಇಲ್ಲ, ಸುದ್ದಿಯಾಗುವಂಥದ್ದೂ ಇಲ್ಲ.

ಈ ಇಡೀ ಲೆಕ್ಕದಲ್ಲಿ ಅವರ ಹೆಂಡತಿಯ ಹೆಸರು ಎಲ್ಲೂ ಬರಲಿಲ್ಲ ಎಂಬುದನ್ನೂ ಹೇಳಬೇಕು. ಅದೇ ಸೈಟಿನಲ್ಲಿ ಅವರು ಮರಳು ಜಲ್ಲಿ ಹೊತ್ತಿದ್ದರು. ಅವರ ಹಾಜರಿಯನ್ನು ಬೇರೊಬ್ಬ ಮೇಸ್ತ್ರಿ ಬರೆಯುತ್ತಿದ್ದ, ಬರೆದದ್ದನ್ನು ತೋರಿಸುತ್ತಿರಲಿಲ್ಲ. ಇಟ್ಟಿಗೆ ಭಟ್ಟಿಗಳಲ್ಲಿ, ಬೀಡ್ ಕಡೆಯಿಂದ ಬೆಳಗಾವಿ ಸೀಮೆಗೆ ಕಬ್ಬು ಕಡಿಯಲು ಬರುವ ತಂಡಗಳಲ್ಲಿ ಇದು ಇನ್ನೂ ಖಡಾಖಂಡಿತ. ಅಲ್ಲಿ ಗಂಡಹೆಂಡಿರನ್ನು ಜೋಡಿಯೆಂದೇ ಎಣಿಸುತ್ತಾರೆ, ಮುಂಗಡ ಗಂಡನ ಕೈಗೆ ಬರುತ್ತದೆ, ಲೆಕ್ಕವೂ ಅವನ ಹೆಸರಿನಲ್ಲೇ. ‘ಕುಟುಂಬವನ್ನು ಊರಿಗೆ ಕಳಿಸಲಾಯಿತು’ ಎಂದು ವರದಿಯಾದಾಗ ಆ ಹೆಣ್ಣುಮಗಳು ಆರು ತಿಂಗಳು ದುಡಿದದ್ದು ಎಲ್ಲಿಯೂ ದಾಖಲಾಗದೆ ಅಳಿಸಿಹೋಗುತ್ತದೆ.

ಕೂಡಿಹಾಕಿ ದುಡಿಸಿಕೊಂಡವರ ವಿಷಯದಲ್ಲಿ ಈ ಟಿಕೆಟ್ ಇನ್ನೂ ದುಬಾರಿ. 2018ರ ಡಿಸೆಂಬರ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಶೆಡ್ಡೊಂದರಲ್ಲಿ ಕೂಡಿಹಾಕಿದ್ದ 52 ಜನರನ್ನು ಬಿಡಿಸಿದ ಸುದ್ದಿ ಓದುಗರಿಗೆ ನೆನಪಿರಬಹುದು. ಕೆಲಸ ಹುಡುಕಿಕೊಂಡು ನಿಲ್ದಾಣಗಳಲ್ಲಿ ಇಳಿದವರನ್ನು ಒಳ್ಳೆಯ ಕೂಲಿಯ ಆಸೆ ತೋರಿಸಿ ಕರೆದೊಯ್ದಿದ್ದರು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಇಂಥವರಿಗೆ ಆಡಳಿತ ಬಿಡುಗಡೆ ಪತ್ರ ಕೊಡಬೇಕು. ಆ ಪತ್ರ ಬರಿಯ ಕಾಗದವಲ್ಲ. ಅದಿದ್ದರೆ ಮುಂಗಡದ ಸಾಲ ಸತ್ತುಹೋಗುತ್ತದೆ, ಯಾರೂ ಮತ್ತೆ ವಸೂಲಿಗೆ ಬರುವಂತಿಲ್ಲ. ತಕ್ಷಣದ ನೆರವಾಗಿ 30,000 ರೂಪಾಯಿವರೆಗೆ ಸಿಗಬೇಕು. ಪುನರ್ವಸತಿಗೆ ಗಂಡಸರಿಗೆ 1 ಲಕ್ಷ, ಹೆಂಗಸರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ತೀರಾ ಘೋರ ಪ್ರಕರಣಗಳಲ್ಲಿ 3 ಲಕ್ಷ ಎಂದು ಕೇಂದ್ರದ ಯೋಜನೆಯಲ್ಲಿದೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಏಷ್ಯನ್ ಕ್ರೀಡಾಕೂಟದ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1982ರಲ್ಲೇ ಹೇಳಿದೆ.

ಬಿಡುಗಡೆ ಪತ್ರ ಕೊಡಬೇಕೆಂದರೆ ವಿಚಾರಣೆ ನಡೆಸಬೇಕು, ಒಬ್ಬೊಬ್ಬರ ಹೇಳಿಕೆಯನ್ನೂ ಬರೆದುಕೊಳ್ಳಬೇಕು, ತಮ್ಮ ತಾಲ್ಲೂಕಿನಲ್ಲಿ ಜೀತ ಇದೆ ಎಂದು ಒಪ್ಪಿಕೊಳ್ಳಬೇಕು, ಊರಿನ ದೊಡ್ಡ ಮನುಷ್ಯನ ಮೇಲೆ ಮೊಕದ್ದಮೆ ಹೂಡಬೇಕು. ಟಿಕೆಟ್ ಕೊಡಿಸುವುದಾದರೆ ಇದ್ಯಾವುದೂ ಬೇಕಿಲ್ಲ. ಸಂಜೆಯ ರೈಲಿಗೆ ಹತ್ತಿಸಿದರೆ ಪ್ರಕರಣವೇ ಜಿಲ್ಲೆಯ ಗಡಿ ದಾಟಿ ಹೋಗುತ್ತದೆ. ಕಾಗದವಿಲ್ಲದೆ ಊರು ಸೇರಿದವನ ಮನೆಗೆ ಮುಂಗಡ ಕೊಟ್ಟ ದಲ್ಲಾಳಿ ಮತ್ತೆ ಬರುತ್ತಾನೆ. ಮುಂದಿನ ಹಂಗಾಮಿಗೆ ಅದೇ ಮನುಷ್ಯ ಅದೇ ಸಾಲ ತೀರಿಸಲು ಅದೇ ಭಟ್ಟಿಗೆ ಹೊರಡುತ್ತಾನೆ. ಇದನ್ನು ಮನೆಗೆ ಮರಳಿದ್ದು ಎನ್ನಬೇಕೋ, ಎರಡು ಪಾಳಿಗಳ ನಡುವಿನ ಬಿಡುವು ಎನ್ನಬೇಕೋ?

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತಿವೆ. ಮೊದಲನೆಯದು: ಜೀವ ಉಳಿಸಿಕೊಳ್ಳಬೇಕಾದವನ ಮುಂದೆ ಕಾನೂನಿನ ಪುಸ್ತಕ ಬಿಚ್ಚುವುದು ಕ್ರೌರ್ಯವಲ್ಲವೇ? ಹೌದು, ಹೊಡೆತ ತಿನ್ನುತ್ತಿರುವವನನ್ನು, ಕಾಯಿಲೆ ಬಿದ್ದವನನ್ನು, ಕೂಡಿಹಾಕಿರುವವನನ್ನು ಮೊದಲು ಆ ಜಾಗದಿಂದ ಹೊರತರಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಜಾಗದಿಂದ ಹೊರತರುವುದು ಬೇರೆ, ಊರಿಂದಲೇ ಹೊರಡಿಸುವುದು ಬೇರೆ. ನಡುವೆ ಎರಡು ದಿನ ಇರಲು ಒಂದು ಜಾಗ, ಹೇಳಿಕೆ ಬರೆಸಲು ಒಬ್ಬ ದುಭಾಷಿ, ಸಹಿ ಮಾಡಿದ ಒಂದು ದೂರು ಇದ್ದರೆ ಅವನು ಹೋದ ಮೇಲೂ ಪ್ರಕರಣ ಇಲ್ಲಿ ಉಳಿಯುತ್ತದೆ. ಕೆಲಸದಲ್ಲಿ ಗಾಯಗೊಂಡವನು ತಾನು ವಾಸಿಸುವ ಜಿಲ್ಲೆಯಲ್ಲೇ ಪರಿಹಾರದ ಅರ್ಜಿ ಹಾಕಬಹುದು ಎಂಬ ಅವಕಾಶ 1923ರ ಪರಿಹಾರ ಕಾಯ್ದೆಯಲ್ಲೇ ತಿದ್ದುಪಡಿಯಾಗಿ ಸೇರಿತ್ತು. ಊರಿಗೆ ಹೋದವನ ಹಕ್ಕು ಊರಿಗೆ ಹೋಗಿ ಸಾಯಬಾರದು ಎಂದು ಕಾನೂನು ಬರೆದವರಿಗೂ ಹೊಳೆದಿತ್ತು.

ಎರಡನೆಯದು: ಅವನೇ ಊರಿಗೆ ಹೋಗಬೇಕು ಎನ್ನುತ್ತಿದ್ದಾನೆ, ಬೇಡವೆನ್ನಲು ನಾವು ಯಾರು? ಖಂಡಿತ, ತಡೆಯಲು ನಮಗೆ ಅಧಿಕಾರವಿಲ್ಲ. ತಡೆದವರು ಯಾರು, ಯಾಕೆ ತಡೆದರು ಎಂಬುದನ್ನು ಮೇಲೆಯೇ ನೋಡಿದೆವು. ಆದರೆ ಊರಿಗೆ ಹೋಗಬೇಕು ಎನ್ನುವವನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ವ್ಯವಧಾನ ಬೇಕು. ಬಾಕಿ ಸಿಗುವ ಭರವಸೆಯೇ ಸತ್ತುಹೋದವನು ಇನ್ನೇನು ಕೇಳಿಯಾನು? ಬಾಕಿ ಬರುವ ದಾರಿಯೊಂದಿದೆ ಎಂದು ತಿಳಿಸಿದ ಮೇಲೂ ಇವತ್ತೇ ಹೋಗುತ್ತೇನೆ ಎಂದರೆ ಹೋಗಲಿ. ತಿಳಿದು ಹೋಗಲಿ.

ಮೂರನೆಯದು ನಮ್ಮಂಥ ವಿದ್ಯಾರ್ಥಿಗಳದು: ನಾವೇನು ವಕೀಲರೇ, ಅಧಿಕಾರಿಗಳೇ? ನಮ್ಮ ಕೈಲಾದದ್ದು ಟಿಕೆಟ್ ತಾನೇ? ಕೈಲಾಗುವುದು ಅದಕ್ಕಿಂತ ಹೆಚ್ಚಿದೆ, ಮತ್ತು ಅದು ಟಿಕೆಟ್ಟಿಗಿಂತ ಅಗ್ಗ. ಸೈಟಿನ ಗೇಟಿನ ಫಲಕದ ಒಂದು ಫೋಟೊ ತೆಗೆಯುವುದಕ್ಕೆ ಪದವಿ ಬೇಡ. ಹಾಜರಿ ಪುಸ್ತಕದ ಹಾಳೆ, ಖರ್ಚಿ ಬಂದ ಮೆಸೇಜು, ಮೇಸ್ತ್ರಿಯ ಫೋನ್ ನಂಬರು, ಕರೆತಂದ ಗಾಡಿಯ ನಂಬರು ಇವನ್ನೆಲ್ಲ ಒಂದು ಕಡೆ ಕೂಡಿಸಿಡಬಹುದು. ಎಷ್ಟು ದಿನ, ಎಷ್ಟು ದರ, ಎಷ್ಟು ಮುಂಗಡ, ಎಷ್ಟು ಬಾಕಿ ಎಂದು ಅವನ ಬಾಯಿಂದಲೇ ಕೇಳಿ ಬರೆದು ಹೆಬ್ಬೆಟ್ಟೋ ಸಹಿಯೋ ಹಾಕಿಸಬಹುದು. ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬಹುದು. ಕೆಲಸದಿಂದ ತೆಗೆದ ಎರಡು ಕೆಲಸದ ದಿನಗಳೊಳಗೆ ಬಾಕಿ ಕೂಲಿ ಕೊಡಬೇಕು ಎಂದು ಈಗ ಜಾರಿಯಲ್ಲಿರುವ ವೇತನ ಸಂಹಿತೆ ಹೇಳುತ್ತದೆ. ಆ ಒಂದು ಸಾಲನ್ನು ಅರ್ಜಿಯಲ್ಲಿ ಬರೆಯಲು ಕನ್ನಡ ಬಂದರೆ ಸಾಕು. ಹತ್ತು ವರ್ಷ ಅರ್ಜಿ, ಪ್ರಸ್ತಾವನೆ, ಅಡಿಟಿಪ್ಪಣಿ ಬರೆದು ಪಳಗಿದ ಕೈ ನಮ್ಮದು. ವಿಶ್ವವಿದ್ಯಾಲಯ ನಮಗೆ ಕಲಿಸಿದ ಈ ಒಂದು ವಿದ್ಯೆ ಬೀದಿಯ ತುದಿಯ ಮನುಷ್ಯನಿಗೆ ನಿಜಕ್ಕೂ ಬೇಕಾಗಿದೆ.

ಬರೆಯುವವರಲ್ಲಿ ನನ್ನ ಕೋರಿಕೆ ಇನ್ನೊಂದು. ಬೆನ್ಯಾಮಿನ್ ಅವರ ಮಲಯಾಳಂ ಕಾದಂಬರಿ ‘ಆಡುಜೀವಿತಂ’ 2008ರಲ್ಲಿ ಬಂತು, 2024ರಲ್ಲಿ ಸಿನಿಮಾ ಆಯಿತು. ಸೌದಿಯ ಮರುಭೂಮಿಯಲ್ಲಿ ಕುರಿ ಆಡು ಕಾಯುತ್ತ ವರ್ಷಗಟ್ಟಲೆ ಗುಲಾಮನಂತೆ ಬದುಕಿದವನು ತಪ್ಪಿಸಿಕೊಂಡು ಊರಿಗೆ ಮರಳುವ ಕತೆ. ನೋಡಿದವರೆಲ್ಲ ಅವನು ಬದುಕಿ ಬಂದನಲ್ಲ ಎಂದು ನಿಟ್ಟುಸಿರು ಬಿಟ್ಟರು. ಅಷ್ಟು ವರ್ಷದ ಕೂಲಿ ಏನಾಯಿತು ಎಂದು ಚರ್ಚೆಯಾದದ್ದನ್ನು ನಾನು ಕಾಣಲಿಲ್ಲ. ಕಾದಂಬರಿಯಲ್ಲಿ ಆ ಯಜಮಾನ ಅವನನ್ನು ಸೆರೆಮನೆಯಲ್ಲಿ ಗುರುತು ಹಿಡಿದೂ, ಇವನು ನನ್ನ ವೀಸಾದವನಲ್ಲ ಎಂದು ಬಿಟ್ಟುಹೋಗುತ್ತಾನೆ. ಆ ಒಂದು ಮಾತಿನಲ್ಲಿ ಅವನ ಬಿಡುಗಡೆಯೂ ಇದೆ, ಅಷ್ಟೂ ವರ್ಷದ ಕೂಲಿ ಮುಳುಗಿದ್ದೂ ಇದೆ. ಬಿಡುಗಡೆಯನ್ನು ನಾವು ಓದಿದೆವು, ಮುಳುಗಿದ್ದನ್ನು ಓದಲಿಲ್ಲ. ಊರು ಸೇರಿದ್ದೇ ಮುಕ್ತಾಯ ಎಂಬ ಕಥನದ ಚಟ ನಮ್ಮನ್ನು ಹಾಗೆ ಪಳಗಿಸಿದೆ.

ಈ ಚಟ ಬಿಡಬೇಕು. ಕಾರ್ಮಿಕರನ್ನು ಊರಿಗೆ ಕಳಿಸುವ ಪ್ರತಿಯೊಂದು ಸರ್ಕಾರಿ ನಮೂನೆಯಲ್ಲಿ, ಸ್ವಯಂಸೇವಾ ಸಂಸ್ಥೆಗಳ ಪ್ರತಿಯೊಂದು ಪಟ್ಟಿಯಲ್ಲಿ, ಪತ್ರಿಕೆಯ ಪ್ರತಿಯೊಂದು ವರದಿಯಲ್ಲಿ ಹೆಸರು, ಊರು, ವಯಸ್ಸಿನ ಪಕ್ಕ ಇನ್ನೆರಡು ಕಲಂ ಇರಲಿ: ದುಡಿಸಿಕೊಂಡವರು ಯಾರು, ಬಾಕಿ ಎಷ್ಟು. ಪ್ರಯಾಣ ಭತ್ಯೆಯ ಹಕ್ಕು ಗಡಿ ದಾಟಿದವರಿಗಷ್ಟೇ ಅಲ್ಲದೆ ರಾಜ್ಯದೊಳಗೆ ಗುಳೆ ಹೋಗುವವರಿಗೂ ಸಿಗುವಂತೆ ರಾಜ್ಯ ಸರ್ಕಾರ ನಿಯಮ ಮಾಡಲಿ. ಬಿಡುಗಡೆ ಪತ್ರ ಕೈಗೆ ಬರುವ ಮೊದಲು ಯಾವ ಜಿಲ್ಲಾಡಳಿತವೂ ಜೀತದಿಂದ ಬಿಡಿಸಿದವರನ್ನು ರೈಲಿಗೆ ಹತ್ತಿಸದಿರಲಿ. ಆ ಎರಡು ಕಲಂ ಖಾಲಿ ಇರುವವರೆಗೂ ನಾವು ಒಬ್ಬನನ್ನು ಇಲ್ಲಿಂದ ಸಾಗಹಾಕಿದ್ದೇವೆ, ಅಷ್ಟೇ. ಊರು ಮುಟ್ಟಿಸಿದ್ದೇವೆ ಎಂದು ಹೇಳಿಕೊಳ್ಳುವ ಹಕ್ಕು ಇನ್ನೂ ಬಂದಿಲ್ಲ.